ಆಸಿಡ್ ಪ್ಲಾಂಟ್ ಕಲಿಯಬೇಕಾ? ಮೊದಲು ಬಿಸಿಯ ಲೆಕ್ಕ ಹಿಡಿಯಿರಿ

ಸಲ್ಫ್ಯೂರಿಕ್ ಆಸಿಡ್ ಪ್ಲಾಂಟಿಗೆ ಹೊಸದಾಗಿ ಬರುವ ಹುಡುಗರಿಗೆ ಆಸಿಡ್ ಕಂಡರೆ ಭಯ. ಇರಲಿ, ಒಳ್ಳೆಯದೇ. ಆದರೆ ಶಿಫ್ಟ್ ಪೂರ್ತಿ ನಮ್ಮ ತಲೆ ತಿನ್ನುವುದು ಬಿಸಿ. ಗಂಧಕವೂ ಒಂದು ಇಂಧನ ಅಂತ ಗೊತ್ತಾದ ಮೇಲೇ ಈ ಪ್ಲಾಂಟ್ ಅರ್ಥವಾಗುವುದು.

ಒಂದು ಕಿಲೋ ಗಂಧಕ ಉರಿದರೆ ಸುಮಾರು 2200 ಕಿಲೋಕ್ಯಾಲರಿ ಶಾಖ ಬರುತ್ತದೆ. ನಮ್ಮ ದೇಶದ ಸಾಧಾರಣ ಕಲ್ಲಿದ್ದಲು ಕೊಡುವುದರ ಅರ್ಧಕ್ಕಿಂತ ಜಾಸ್ತಿಯೇ. ಬೂದಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಲ್ಲಿದ್ದಲಿನ ಬಾಯ್ಲರ್‌ನಲ್ಲಿ ಹೊಗೆ ಹೊರಗೆ ಹೋಗಬೇಕಾದ ಕಸ, ಇಲ್ಲಿ ಹೊಗೆಯೇ ಮಾಲು, ಆಸಿಡ್ ಆಗುವುದು ಅದೇ. ಟನ್ ಆಸಿಡ್‌ಗೆ ಒಂದು ಟನ್ನಿನ ಮೂರನೇ ಒಂದು ಭಾಗ ಗಂಧಕ ಸಾಕು. ಜೊತೆಗೆ ಒಂದು ಟನ್ನಿಗಿಂತ ಜಾಸ್ತಿ ಸ್ಟೀಮ್ ಸಿಗುತ್ತದೆ, ಅದರಲ್ಲಿ ಟರ್ಬೈನ್ ತಿರುಗುತ್ತದೆ. ನಮ್ಮ ಪ್ಲಾಂಟ್ ಟ್ರಿಪ್ ಆದರೆ, ಅಂದರೆ ದಿಢೀರನೆ ನಿಂತರೆ, ಆಸಿಡ್‌ಗಿಂತ ಮೊದಲು ಸ್ಟೀಮ್ ಕೇಳಿಕೊಂಡೇ ಪಕ್ಕದ ಪ್ಲಾಂಟಿನಿಂದ ಫೋನ್ ಬರುತ್ತದೆ!

ಈ ಹಳದಿ ರಾಶಿ ಈಗ ಗಣಿಯಿಂದ ಬರುವುದು ಕಡಿಮೆ. ಮಂಗಳೂರಿನ ಎಂಆರ್‌ಪಿಎಲ್‌ನಂಥ ರಿಫೈನರಿಗಳು ಕಚ್ಚಾ ತೈಲದಿಂದ ತೆಗೆದದ್ದು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಯ ಹೊಸ ನಿಯಮ ಬಿಎಸ್‌-6 ಬಂದು, ಡೀಸೆಲ್‌ನಲ್ಲಿ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ಇದ್ದ ಗಂಧಕದ ಮಿತಿ 10ಕ್ಕೆ ಇಳಿಯಿತು. ಬಂಕಿಗೆ ಬೇಡವಾದದ್ದು ನಮ್ಮ ಫರ್ನೆಸ್‌ಗೆ ಬಂತು ಅನ್ನಿ.

ಉರಿಸುವ ಮೊದಲು ಕರಗಿಸಬೇಕಲ್ವಾ, ಗಂಧಕ ಆಟ ಆಡಿಸುವುದು ಅಲ್ಲೇ. 120 ಡಿಗ್ರಿಯ ಆಸುಪಾಸು ಕರಗುತ್ತದೆ. 140ರ ಹತ್ತಿರ ಜೇನಿನ ಬಣ್ಣದಲ್ಲಿ ಸಲೀಸಾಗಿ ಹರಿಯುತ್ತದೆ. 160 ದಾಟಿತೋ, ಬಣ್ಣ ಕೆಂಪಾಗಿ, ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಎಂಟೆಂಟು ಪರಮಾಣುಗಳ ಉಂಗುರಗಳು ಬಿಚ್ಚಿಕೊಂಡು ಉದ್ದನೆಯ ಸರಪಳಿಗಳಾಗುವುದೇ ಕಾರಣ. ಪಂಪ್ ಎಳೆಯುವುದಿಲ್ಲ. ಆಗ ಟ್ರೇನಿ ಕೇಳುವುದು ಒಂದೇ ಮಾತು: "ಸರ್, ಇನ್ನೊಂಚೂರು ಸ್ಟೀಮ್ ಬಿಡ್ಲಾ?" ಬೇಡಪ್ಪಾ! ಗಂಧಕದ ಪೈಪಿನ ಸುತ್ತ ಸ್ಟೀಮ್ ಓಡುವ ಹೊರಪೈಪಿಗೆ, ಅಂದರೆ ಜಾಕೆಟ್‌ಗೆ, 4 ಬಾರ್ ಒತ್ತಡದ ಸ್ಟೀಮ್ ಸಾಕು, ಅದು ಸುಮಾರು 150 ಡಿಗ್ರಿ. 10 ಬಾರ್ ಕೊಟ್ಟರೆ 180 ದಾಟುತ್ತದೆ, ಲೈನ್ ಇನ್ನಷ್ಟು ಹಟ ಹಿಡಿಯುತ್ತದೆ. ವಾಲ್ವ್ ಮುಟ್ಟುವ ಮೊದಲು, ತಣಿದು ನೀರಾದ ಸ್ಟೀಮನ್ನು ಹೊರಗೆ ಬಿಡುವ ಸ್ಟೀಮ್ ಟ್ರ್ಯಾಪ್ ನೋಡಿ. ಟ್ರ್ಯಾಪ್ ಕಟ್ಟಿಕೊಂಡು ಜಾಕೆಟ್‌ನಲ್ಲಿ ನೀರು ನಿಂತರೆ ಆ ಜಾಗದಲ್ಲಿ ಗಂಧಕ ಕಲ್ಲಾಗಿರುತ್ತದೆ.

ಕರಗಿದ ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಕೊಳೆತ ಮೊಟ್ಟೆ ವಾಸನೆ ನಿಂತಿತು, ಇನ್ನೇನಿಲ್ಲ ಅಂದುಕೊಂಡು ಟ್ಯಾಂಕಿನ ಮುಚ್ಚಳಕ್ಕೆ ಬಗ್ಗಬೇಡಿ. ಅನಿಲ ಜಾಸ್ತಿಯಾದಾಗ ಮೂಗೇ ಸತ್ತುಹೋಗುತ್ತದೆ. ಮೀಟರ್ ನಂಬಿ.

ಫರ್ನೆಸ್‌ನಲ್ಲಿ ಸಾವಿರ ಡಿಗ್ರಿ ಆಸುಪಾಸು. ಬಾಯ್ಲರ್ ಇದೆ ಅಂತ ಅಷ್ಟೂ ಬಿಸಿ ಹೀರಿಬಿಡುವ ಹಾಗಿಲ್ಲ. ಉರಿದು ಬಂದ ಸಲ್ಫರ್ ಡೈಆಕ್ಸೈಡ್ ಅನಿಲವನ್ನು ಆಸಿಡ್ ಆಗಬಲ್ಲ ಸಲ್ಫರ್ ಟ್ರೈಆಕ್ಸೈಡ್ ಮಾಡುವುದು ಮುಂದಿನ ವೆನೇಡಿಯಂ ಕ್ಯಾಟಲಿಸ್ಟ್ (ವೇಗವರ್ಧಕ). ಅದಕ್ಕೆ ಅನಿಲ 420ರ ಹತ್ತಿರ ಸಿಗಬೇಕು, ಇಲ್ಲದಿದ್ದರೆ ಅದು ಏಳುವುದೇ ಇಲ್ಲ. ಬಾಯ್ಲರ್ ಟ್ಯೂಬ್ ಸೋರುವುದಂತೂ ಇಲ್ಲಿ ಬೇರೆಯೇ ಕಥೆ. ಬೇರೆ ಕಡೆ ಸ್ಟೀಮ್ ಹೋಯಿತು ಅಂತ ಬೇಸರ. ಇಲ್ಲಿ ಆ ನೀರು ಅನಿಲಕ್ಕೆ ಸೇರಿ, ಎಲ್ಲೆಲ್ಲಿ ತಣ್ಣಗಿದೆಯೋ ಅಲ್ಲಲ್ಲಿ ಆಸಿಡ್ ಆಗಿ, ಕಬ್ಬಿಣವನ್ನು ತಿನ್ನುತ್ತದೆ.

ಕಾಗದದ ಮೇಲಿನ ಲೆಕ್ಕದಲ್ಲಿ ಒಟ್ಟು ಶಾಖದ ಅರ್ಧಕ್ಕಿಂತ ಜಾಸ್ತಿ ಉರಿಯುವಾಗಲೇ ಬರುತ್ತದೆ. ಐದರಲ್ಲಿ ಒಂದು ಪಾಲು ಕ್ಯಾಟಲಿಸ್ಟ್‌ನಲ್ಲಿ. ಉಳಿದ ಕಾಲು ಭಾಗ ಅನಿಲ ಆಸಿಡ್‌ನಲ್ಲಿ ಕರಗುವಾಗ. ಈ ಕೊನೆಯದನ್ನು ಹಳೆಯ ಪ್ಲಾಂಟ್‌ಗಳು ಸುಮ್ನೆ ಕೂಲಿಂಗ್ ಟವರ್‌ಗೆ ಸುರಿಯುತ್ತವೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಹೊಸ ಪ್ಲಾಂಟ್‌ಗಳಲ್ಲಿ ಆಸಿಡ್ಡನ್ನೇ 200 ಡಿಗ್ರಿಯ ಆಸುಪಾಸು ಓಡಿಸಿ ಅದರಿಂದಲೂ ಸ್ಟೀಮ್ ತೆಗೆಯುತ್ತಾರೆ. ಆದರೆ ಆಸಿಡ್ 99 ಶೇಕಡಕ್ಕಿಂತ ಮೇಲೆಯೇ ಇರಬೇಕು. ಸ್ವಲ್ಪ ನೀರಾದರೂ ಸ್ಟೀಲ್ ಬೇಗ ಸವೆಯುತ್ತದೆ. ಅಲ್ಲಿ ಕೆಲಸ ಸಿಕ್ಕಿದವರು ಮೊದಲ ದಿನ ಸ್ಟೀಮ್ ಮೀಟರ್ ಬಿಟ್ಟು ಕಾನ್ಸಂಟ್ರೇಷನ್ ಮೀಟರ್ ಎಲ್ಲಿದೆ ಅಂತ ಕೇಳಿ.