ಬೂಟ್ ಲಾಗ್: ಸೆಕೆಂಡುಗಳ ಬೆನ್ನು ಹತ್ತಿ

ಶನಿವಾರ

ಹಳೇ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇನಿಟ್ ಆಗಿ (ಬೂಟ್ ಆಗುವಾಗ ಉಳಿದೆಲ್ಲ ಪ್ರೋಗ್ರಾಮುಗಳನ್ನು ಎಬ್ಬಿಸೋ ಮೊದಲ ಪ್ರೋಗ್ರಾಮ್) ಸಿಸ್ಟಮ್‌ಡಿಯೇ ಇರಲಾ, ರನ್‌ಇಟ್‌ಗೆ ಹೋಗಲಾ ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ. ರನ್‌ಇಟ್ ಬೇಗ ಏಳುತ್ತೆ ಅಂತಾರೆ. ಸರಿ, ಅಳೆದೇ ಬಿಡೋಣ ಅಂತ ಬೂಟ್‌ನ ಪ್ರತಿ ಹಂತದ ಹೊತ್ತು ತೋರಿಸೋ ಸಿಸ್ಟಮ್‌ಡಿ-ಅನಲೈಜ್ ಕಮಾಂಡ್ ಕೊಟ್ಟೆ. ಫರ್ಮ್‌ವೇರ್ 7 ಸೆಕೆಂಡು, ಲೋಡರ್ 5, ಕರ್ನಲ್ 3, ಯೂಸರ್‌ಸ್ಪೇಸ್ (ಇನಿಟ್ ಶುರುವಾದ ಮೇಲಿನದ್ದು) 96!

ಮೊದಲ 15 ಸೆಕೆಂಡಿಗೂ ಇನಿಟ್‌ಗೂ ಸಂಬಂಧವೇ ಇಲ್ಲ. ಅದರಲ್ಲಿ 5 ಸೆಕೆಂಡಂತೂ ಲೋಡರ್ ಆದ ಗ್ರಬ್‌ನ ಮೆನು ನನ್ನ ಮುಖ ನೋಡ್ತಾ ಕೂರೋದು.

ಆ 96ರ ಗುಟ್ಟು, ಯಾವ ಸರ್ವೀಸು (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮ್) ಎಷ್ಟು ಹೊತ್ತು ತಗೊಂಡಿತು ಅನ್ನೋ ಬ್ಲೇಮ್ ಪಟ್ಟಿಯಲ್ಲಿ ಸಿಗಲಿಲ್ಲ. ಕರ್ನಲ್‌ಗೆ ಕೊಡೋ ಆಯ್ಕೆಗಳ ಸಾಲಿಂದ, ಬೂಟ್ ಸಂದೇಶಗಳನ್ನು ಅಡಗಿಸೋ 'ಕ್ವೈಟ್' ತೆಗೆದು ಮತ್ತೆ ಬೂಟ್ ಮಾಡಿದರೆ ಪರದೆ ಮೇಲೇ ಇದೆ: ಯಾವುದೋ ಯುಯುಐಡಿಯ (ಗುರುತಿನ ಸಂಖ್ಯೆಯ) ಡಿಸ್ಕಿಗಾಗಿ ಕಾಯುತ್ತಿದೆ, ಮಿತಿ ಒಂದೂವರೆ ನಿಮಿಷ. ಸ್ವಾಪ್ ಪಾರ್ಟಿಶನ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಹೊಸದಾಗಿ ಮಾಡಿದ್ದೆ, ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಹಳೇ ಯುಯುಐಡಿ ಹಾಗೇ ಉಳಿದಿತ್ತು. ಸ್ವಾಪ್ ಆಗಿದ್ದಕ್ಕೆ ಕಾದು ಕಾದು ಮುಂದೆ ಹೋಯಿತು. ಡೇಟಾ ಡಿಸ್ಕಿನ ಸಾಲಾಗಿದ್ದು, 'ನೋಫೇಲ್' (ಸಿಗದಿದ್ದರೂ ಮುಂದೆ ಹೋಗು ಅನ್ನೋ ಆಯ್ಕೆ) ಇಲ್ಲದಿದ್ದರೆ ಸೀದಾ ಎಮರ್ಜೆನ್ಸಿ ಮೋಡ್, ಅಂದರೆ ಬೂಟ್ ಅಲ್ಲೇ ನಿಂತು ರಿಪೇರಿಗೆ ಕಾಯೋದು. ಸಾಲು ತಿದ್ದಿದೆ, 96 ಹೋಗಿ 6 ಆಯಿತು. ತಪ್ಪು ನನ್ನದೇ, ಬೈದದ್ದು ಮಾತ್ರ ಇನಿಟ್‌ನ.

ಭಾನುವಾರ

ಇನ್ನೊಂದು ಪಾರ್ಟಿಶನ್‌ಗೆ ವಾಯ್ಡ್ ಅನ್ನೋ ಲಿನಕ್ಸ್ ಹಾಕಿದೆ, ಅದರಲ್ಲಿ ರನ್‌ಇಟ್. ಫೋನಿನ ಸ್ಟಾಪ್‌ವಾಚ್ ಹಿಡಿದು ಮೂರು ಸಲ ನೋಡಿದೆ. ಲಾಗಿನ್ ಬರೋದು ಸುಮಾರು 2 ಸೆಕೆಂಡು ಮುಂಚೆ. ಅಷ್ಟೇ.

ಇಲ್ಲಿ ಯಾರ ಹಿಂದೆ ಯಾರು ಅನ್ನೋ ಪಟ್ಟಿಯಿಲ್ಲ. ಸರ್ವೀಸುಗಳೆಲ್ಲ ಒಟ್ಟಿಗೇ ನುಗ್ಗುತ್ತವೆ. ಬೇಕಾದದ್ದು ಇನ್ನೂ ಬಂದಿಲ್ಲ ಅಂದರೆ ಬೀಳುತ್ತವೆ, ಅವನ್ನು ನೋಡಿಕೊಳ್ಳೋ ರನ್‌ಇಟ್‌ನ ರನ್‌ಎಸ್‌ವಿ ಒಂದು ಸೆಕೆಂಡು ಬಿಟ್ಟು ಮತ್ತೆ ಎಬ್ಬಿಸುತ್ತೆ. ನನ್ನ ಸಿಂಕ್ ಸರ್ವೀಸ್ ನೆಟ್‌ವರ್ಕ್ ಬರೋವರೆಗೆ ಹೀಗೇ ಬಿದ್ದೂ ಎದ್ದೂ ನಿಂತಿತು. ಅದಕ್ಕೆ ಲಾಗ್ ಸರ್ವೀಸ್ ಬೇರೆಯಾಗಿ ಹಾಕಿರಲಿಲ್ಲ, ಹಾಗಾಗಿ ಏನಾಗ್ತಿದೆ ಅಂತ ಗೊತ್ತಾಗೋಕೆ ಅರ್ಧ ಗಂಟೆ ಹಿಡಿಯಿತು. ಸರ್ವೀಸನ್ನು ಶುರು ಮಾಡೋ ರನ್ ಫೈಲ್ ಮಾತ್ರ ಮೂರೇ ಸಾಲು, ಓದೋಕೆ ಖುಷಿ.

2010ರಲ್ಲಿ ಸಿಸ್ಟಮ್‌ಡಿ ಬಂದಾಗ ಅದೂ ವೇಗದ ಮಾತೇ ಆಡಿತ್ತು: ಸಾಕೆಟ್‌ಗಳನ್ನೆಲ್ಲ (ಸರ್ವೀಸುಗಳು ಮಾತಾಡಿಕೊಳ್ಳೋ ದಾರಿಗಳು) ಮೊದಲೇ ತೆರೆದಿಟ್ಟರೆ ಸರ್ವೀಸುಗಳು ಒಂದಕ್ಕೊಂದು ಕಾಯದೆ ಏಳಬಹುದು, ಅಷ್ಟರಲ್ಲಿ ಬಂದ ಸಂದೇಶಗಳನ್ನು ಕರ್ನಲ್ ಹಿಡಿದಿಟ್ಟುಕೊಳ್ಳುತ್ತೆ. ಕ್ಷಣಕ್ಕೊಂದು ವರ್ಚುವಲ್ ಮೆಶೀನ್ ಎಬ್ಬಿಸುವವರಿಗೆ ಮಿಲಿಸೆಕೆಂಡೂ ಲೆಕ್ಕವೇ. ನಾನೋ, ಮುಚ್ಚಳ ಮುಚ್ಚಿ ಮಲಗಿಸುವವನು. ಹೊಸ ಕರ್ನಲ್ ಬಂದಾಗ ಮಾತ್ರ ರೀಬೂಟ್.

ಸದ್ಯಕ್ಕೆ ಸಿಸ್ಟಮ್‌ಡಿಯೇ ಇರಲಿ. ಎಲ್ಲಿ ಸಿಕ್ಕಿಕೊಂಡಿದೆ ಅಂತ ತಾನೇ ಹೇಳಿತಲ್ಲ, ಆ 2 ಸೆಕೆಂಡಿಗಿಂತ ಅದು ನನಗೆ ಮುಖ್ಯ. ಗ್ರಬ್ ಕಾಯೋದನ್ನು 1ಕ್ಕೆ ಇಳಿಸಿದ್ದೇನೆ, 'ಕ್ವೈಟ್' ವಾಪಸ್ ಹಾಕಿಲ್ಲ.

ಬಾಕಿ: ಶಟ್‌ಡೌನ್ ಮಾಡುವಾಗಲೂ ಯಾವುದೋ ಸರ್ವೀಸಿಗಾಗಿ 90 ಸೆಕೆಂಡು ಕಾಯುತ್ತಿದೆ. ಅದು ಮುಂದಿನ ವಾರ.