ಬಾದಾಮಿಯಲ್ಲಿ ಐದು ದಿನ: ಮೊಣಕಾಲು ನೋವಿರುವವರೂ ಹೋಗಿ ಬರಬಹುದು

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ತೋರಿಸಿ ಕರೆತರುವ ಟೂರುಗಳು ಬೇಕಾದಷ್ಟಿವೆ. ಅರವತ್ತು ದಾಟಿದವರು ದಯವಿಟ್ಟು ಅವುಗಳಲ್ಲಿ ಹೋಗಬೇಡಿ. ಹಿಂದೊಮ್ಮೆ ನಾವು ಹಾಗೇ ಹೋಗಿದ್ದೆವು. ಈಗ ನೆನಪಿರುವುದು ಬಸ್ಸಿನ ಕಿಟಕಿ ಮತ್ತು ನಮ್ಮನೆಯವರ ಊದಿಕೊಂಡ ಕಾಲು, ಅಷ್ಟೇ. ಅದಕ್ಕೇ ಕಳೆದ ಡಿಸೆಂಬರಿನಲ್ಲಿ ನಾವಿಬ್ಬರೇ ಹೋಗಿ ಐದು ದಿನ ಇದ್ದು ಬಂದೆವು. ನನಗೆ 66, ಅವರಿಗೆ 72. ಅವರ ಎರಡೂ ಮೊಣಕಾಲು ಸವೆದಿದೆ, ನನಗೆ ಬಿಪಿ ಇದೆ. ದಿನಕ್ಕೆ ಒಂದೇ ಊರು, ಅದೂ ಬೆಳಗಿನ ಹೊತ್ತು ಮಾತ್ರ ಅಂತ ಹೊರಡುವ ಮೊದಲೇ ಮಾತಾಡಿಕೊಂಡಿದ್ದೆವು.

ಈ ಪ್ರವಾಸ ಶುರುವಾಗಿದ್ದು ನಮ್ಮ ಹಿತ್ತಿಲಲ್ಲಿ. ರಿಟೈರ್ ಆದ ಮೇಲೆ ನಮ್ಮನೆಯವರು ಮರಗೆಲಸ ಹಿಡಿದಿದ್ದಾರೆ. ಹಳೇ ಕಿಟಕಿಯ ತೇಗದ ಚೌಕಟ್ಟು ಅಟ್ಟದ ಮೇಲೆ ಬಿದ್ದಿತ್ತು. ಅದನ್ನು ಕೊಯ್ದು, ಹರಿದ ಈಸಿ ಚೇರಿನ ಬಟ್ಟೆ ಹಾಕಿ, ಮಡಚುವ ಪುಟ್ಟ ಸ್ಟೂಲೊಂದನ್ನು ಮಾಡಿದರು. ನಾಲ್ಕೂ ಕಾಲಿಗೆ ರಬ್ಬರ್ ಬುಷ್ ಹಾಕಿದರು. ಕಲ್ಲಿನ ಮೇಲೆ ಜಾರಬಾರದು, ಹಳೇ ಕಲ್ಲಿಗೆ ಗೀರೂ ಬೀಳಬಾರದು ಅಂತ. ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ ಹೊಲಿದುಕೊಟ್ಟಿದ್ದು ನಾನು. ಒಂದು ವಾರ ಅಡುಗೆಮನೆಯಲ್ಲಿ ಅದರ ಮೇಲೇ ಕೂತು ಹುರುಳಿಕಾಯಿ ಸೋಸಿಕೊಟ್ಟರು, ಗಟ್ಟಿ ಇದೆಯಾ ಅಂತ ನೋಡಲು. ಇಡೀ ಪ್ರವಾಸದಲ್ಲಿ ನಮಗೆ ಅತ್ಯಂತ ಉಪಯೋಗಕ್ಕೆ ಬಂದ ವಸ್ತು ಅದು. ಮಾಡಲು ಬಾರದಿದ್ದರೆ ಅಂಗಡಿಯಲ್ಲೂ ಸಿಗುತ್ತದೆ. ಕೊಳ್ಳುವ ಮೊದಲು ಒಮ್ಮೆ ಕೂತು ಎದ್ದು ನೋಡಿ. ತೀರಾ ತಗ್ಗಾಗಿದ್ದರೆ ಏಳುವಾಗ ಮೊಣಕಾಲಿಗೆ ಇನ್ನೂ ಜಾಸ್ತಿ ನೋವು.

ನಮ್ಮೂರು ಮೈಸೂರು. ಇಲ್ಲಿಂದ ಬಾದಾಮಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಬೆಂಗಳೂರು, ಹುಬ್ಬಳ್ಳಿ, ಗದಗ ದಾಟಿ ಹೋಗುತ್ತದೆ. ರೈಲಿನಲ್ಲಿ ಹಿರಿಯರಿಗೆ ಇದ್ದ ರಿಯಾಯಿತಿ 2020ರಲ್ಲಿ ನಿಂತುಹೋಯಿತು. ಆದರೆ ಕೆಳಗಿನ ಬರ್ತ್ ಕೋಟಾ ಇದೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಒಬ್ಬರೇ ಅಥವಾ ಇಬ್ಬರೇ ಟಿಕೆಟ್ ಮಾಡುವಾಗ ಆ ಕೋಟಾ ಆರಿಸಿಕೊಳ್ಳಬಹುದು. ಮಗ, ಸೊಸೆ, ಮೊಮ್ಮಕ್ಕಳನ್ನೆಲ್ಲ ಒಂದೇ ಟಿಕೆಟ್ಟಿಗೆ ಸೇರಿಸಿದರೆ ಅದು ಸಿಗುವುದಿಲ್ಲ. 2024ರ ನವೆಂಬರಿನಿಂದ ಬುಕಿಂಗ್ 60 ದಿನ ಮೊದಲು ಮಾತ್ರ ತೆರೆಯುತ್ತದೆ. ನಾವು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟು ಅದೇ ದಿನ ಬೆಳಗ್ಗೆ ಮಾಡಿದೆವು. ಇಬ್ಬರಿಗೂ ಕೆಳಗಿನ ಬರ್ತೇ ಸಿಕ್ಕಿತು.

ರೈಲು ಬೆಳಗಾಗುವ ಹೊತ್ತಿಗೆ ಬಾದಾಮಿ ಮುಟ್ಟುತ್ತದೆ. ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಗದಗ ಬಿಟ್ಟ ಕೂಡಲೇ ಎದ್ದು ಚೀಲ ಬಾಗಿಲ ಹತ್ತಿರ ಇಟ್ಟುಕೊಳ್ಳಿ. ಸ್ಟೇಷನ್ನಿನಿಂದ ಊರು 5 ಕಿಲೋಮೀಟರ್, ಆಟೋ ಸಿಗುತ್ತದೆ. ಅಷ್ಟು ಬೇಗ ರೂಮು ಕೊಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನಾವು ಅದನ್ನು ಕೇಳಿದ್ದೆವು, ನೆಲಮಹಡಿಯ ರೂಮೇ ಬೇಕು ಅಂತಲೂ ಹೇಳಿದ್ದೆವು. ಹೋಗಿ ನೋಡಿದರೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ರಾತ್ರಿಯಿಡೀ ರೈಲಿನಲ್ಲಿ ಬಂದವರು ಅರ್ಧ ಗಂಟೆ ಬಾಗಿಲಲ್ಲೇ ನಿಂತೆವು. ಕೊನೆಗೆ ಬೇರೆ ಕಡೆ ರೂಮು ಹುಡುಕಿಕೊಂಡೆವು. ಹಾಗಾಗಿ ಫೋನಿನಲ್ಲಿ ಹೇಳಿದರೆ ಸಾಲದು. 'ನೆಲಮಹಡಿ, ಕಮೋಡ್ ಇರಬೇಕು' ಅಂತ ವಾಟ್ಸಪ್ಪಿನಲ್ಲಿ ಬರೆದು, ಅವರಿಂದ ಆಗಲಿ ಅಂತ ಉತ್ತರ ಬಂದ ಮೇಲೆ ದುಡ್ಡು ಕಳಿಸಿ.

ಮೊದಲ ದಿನ ಏನನ್ನೂ ನೋಡಲು ಹೋಗಲಿಲ್ಲ. ಸ್ನಾನ, ತಿಂಡಿ, ನಿದ್ದೆ. ಸಂಜೆ ನಾಲ್ಕಕ್ಕೆ ಅಗಸ್ತ್ಯ ತೀರ್ಥ ಅನ್ನುವ ಕೆರೆಯ ದಂಡೆಗೆ ಹೋದೆವು. ಒಂದು ಕಡೆ ಕೆಂಪು ಬಂಡೆಯ ಗುಡ್ಡ, ಎದುರಿಗೆ ಇನ್ನೊಂದು ಗುಡ್ಡ, ನಡುವೆ ಹಸಿರು ನೀರು. ದಂಡೆ ಹಿಡಿದು ಹೋದರೆ ಆ ಕೊನೆಯಲ್ಲಿ ಭೂತನಾಥ ಗುಡಿ. ದಾರಿ ಸಮತಟ್ಟಾಗಿದೆ, ಮೊಣಕಾಲಿಗೆ ತೊಂದರೆಯಿಲ್ಲ. ಗುಡಿ ಪಡುವಣಕ್ಕೆ ಮುಖ ಮಾಡಿರುವುದರಿಂದ ಸಂಜೆಯ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಕಲ್ಲು ಮೊದಲು ಜೇನಿನ ಬಣ್ಣ, ಆಮೇಲೆ ಕೆಂಪು. ಈ ಕಡೆ ಮೆಟ್ಟಿಲಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಆ ಸದ್ದು ಎದುರಿನ ಬಂಡೆಗೆ ತಾಗಿ ವಾಪಸ್ ಬರುತ್ತಿತ್ತು. ಕತ್ತಲಾಗುವ ತನಕ ಕೂತಿದ್ದೆವು. ಇದೇ ದಂಡೆಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಶುಕ್ರವಾರ ರಜೆ, ಲೆಕ್ಕದಲ್ಲಿಟ್ಟುಕೊಳ್ಳಿ.

ಎರಡನೇ ದಿನ ಗುಹೆಗಳು. ನಾಲ್ಕೂ ಗುಹೆ ಸೇರಿ ಸುಮಾರು 200 ಮೆಟ್ಟಿಲು. ಕೇಳಿದರೆ ಭಯವಾಗುತ್ತದೆ, ಆದರೆ ಒಂದೇ ಸಲ ಹತ್ತುವುದಲ್ಲ. ಒಂದು ಗುಹೆಗೆ ಹತ್ತಿದರೆ ಅಲ್ಲೊಂದು ಅಂಗಳ, ಮತ್ತೆ ಸ್ವಲ್ಪ ಮೆಟ್ಟಿಲು, ಮತ್ತೊಂದು ಅಂಗಳ. ಕೆಲವು ಮೆಟ್ಟಿಲು ಎತ್ತರ, ಕೆಲವು ಗಿಡ್ಡ. ಇಳಿಯುವಾಗ ಜಾಸ್ತಿ ಎಚ್ಚರ ಬೇಕು. ಕೋಲು ಇದ್ದರೆ ನಾಚಿಕೊಳ್ಳದೆ ಹಿಡಿದುಕೊಳ್ಳಿ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋದರೆ ಶಾಲೆ ಮಕ್ಕಳ ಬಸ್ಸುಗಳು ಬರುವಷ್ಟರಲ್ಲಿ ಎರಡು ಗುಹೆ ನೋಡಿಯಾಗಿರುತ್ತದೆ. ಶೌಚಾಲಯಕ್ಕೆ ಕೆಳಗೇ ಹೋಗಿ ಬನ್ನಿ. ನಮ್ಮನೆಯವರು ಉಸಿರು ತೆಗೆದುಕೊಳ್ಳಲು ನಿಂತಾಗ ಅಲ್ಲಿನ ಕಾವಲುಗಾರರು, "ಸಾವಕಾಶ ಹತ್ರಿ ಅಜ್ಜಾರ, ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ" ಅಂದರು. ಆ ಮಾತು ನಮಗೆ ಐದೂ ದಿನ ಜೊತೆಗಿತ್ತು.

ಮೊದಲ ಗುಹೆಯ ಹೊರಗೇ 18 ಕೈಗಳ ನಟರಾಜ ಇದ್ದಾನೆ. ಅದರ ಮುಂದೆ ಸ್ಟೂಲು ಹಾಕಿ ಅರ್ಧ ಗಂಟೆ ಕೂತೆವು. ಒಂದು ಕೈ ಮುಚ್ಚಿಕೊಂಡು ಇನ್ನೊಂದು ಕೈ ನೋಡಿ, ಪ್ರತಿ ಜೋಡಿಯೂ ಬೇರೆ ಬೇರೆ ಭಂಗಿಯಾಗುತ್ತದೆ. ಎದುರು ಬದಿಯ ದ್ವಾರಪಾಲಕನ ಕೆಳಗೆ ಒಂದೇ ತಲೆಯಲ್ಲಿ ಬಸವ ಮತ್ತು ಆನೆ ಎರಡೂ ಕಾಣುವ ಕೆತ್ತನೆ ಇದೆ. ನಿಂತು ನೋಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕೂತಿದ್ದಕ್ಕೆ ನಮ್ಮನೆಯವರ ಕಣ್ಣಿಗೆ ಬಿತ್ತು. "ನೋಡಿಲ್ಲಿ, ಈ ಕಡೆಯಿಂದ ಆನೆ, ಆ ಕಡೆಯಿಂದ ಬಸವ" ಅಂತ ನನ್ನನ್ನು ಕೈ ಹಿಡಿದು ಎಳೆದು ತೋರಿಸಿದರು. ಹಿಂದಿನ ಸಲ ಅದರ ಪಕ್ಕದಲ್ಲೇ ಹಾದುಹೋಗಿದ್ದೆವಲ್ವಾ!

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯ ವಂಶದ ಮಂಗಳೇಶ ಮಾಡಿಸಿದ್ದು, ಕ್ರಿ.ಶ. 578ರ ಶಾಸನ ಅಲ್ಲೇ ಇದೆ. ಆದಿಶೇಷನ ಮೇಲೆ ಮಲಗದೆ ಕೂತಿರುವ ವಿಷ್ಣುವನ್ನು ಅಲ್ಲಿ ನೋಡಬೇಕು. ಕಾಲಿನಲ್ಲಿ ಶಕ್ತಿ ಉಳಿಯುವುದು ಮೂರು ಗುಹೆಗೆ ಮಾತ್ರ ಅನ್ನಿಸಿದರೆ ಇದನ್ನಂತೂ ಬಿಡಬೇಡಿ. ನಾವು ನಾಲ್ಕನೆಯ ಜೈನ ಗುಹೆಗೂ ಹೋದೆವು. ಅಷ್ಟಕ್ಕೆ ಹನ್ನೊಂದೂವರೆ ಆಯಿತು.

ಮಂಗಗಳ ವಿಷಯ ಬಿಡಿಸಿ ಹೇಳಬೇಕು. ಒಬ್ಬ ಅಮ್ಮ ಕೆಳಗೇ ಎಚ್ಚರಿಸಿದ್ದರು. "ಅಮ್ಮಾರ, ಚೀಲ ಕೈಯಾಗ ಜೋತಾಡಿಸಬ್ಯಾಡ್ರಿ, ಮಂಗ್ಯಾಗೋಳು ಕಸಗೊಂಡು ಓಡ್ತಾವ" ಅಂತ. ನಾನು ತಿಂಡಿ ಏನೂ ಇಲ್ಲವಲ್ಲ ಅಂದುಕೊಂಡೆ. ನಮ್ಮ ಮಾತ್ರೆಗಳು ಪ್ಲಾಸ್ಟಿಕ್ ಕವರಿನಲ್ಲಿದ್ದವು. ಅದರ ಸರಸರ ಸದ್ದಿಗೇ ಬಂದು ಕಿತ್ತುಕೊಂಡು ಹೋಯಿತು. ಐದು ದಿನದ ಬಿಪಿ ಮಾತ್ರೆ ಪೂರ್ತಿ ಹೋಯಿತು. ಡಾಕ್ಟರ ಚೀಟಿಯ ಫೋಟೋ ಮೊಬೈಲಿನಲ್ಲಿದ್ದುದರಿಂದ ಊರೊಳಗಿನ ಔಷಧಿ ಅಂಗಡಿಯಲ್ಲಿ ಅದೇ ಮಾತ್ರೆ ಸಿಕ್ಕಿತು. ನೀವು ಮಾತ್ರೆಯನ್ನು ಎರಡು ಪಾಲು ಮಾಡಿ, ಒಂದು ಪಾಲು ರೂಮಿನಲ್ಲೇ ಇಡಿ. ಗುಡ್ಡಕ್ಕೆ ಒಯ್ಯುವುದನ್ನು ಬಟ್ಟೆಯ ಪುಟ್ಟ ಸಂಚಿಯಲ್ಲಿ ಹಾಕಿ ಸೀರೆಯ ಸೆರಗಿನೊಳಗೋ ಪ್ಯಾಂಟಿನ ಜೇಬಿನಲ್ಲೋ ಇಟ್ಟುಕೊಳ್ಳಿ. ಕನ್ನಡಕಕ್ಕೆ ದಾರ ಕಟ್ಟಿ.

ಮಧ್ಯಾಹ್ನ ಖಾನಾವಳಿ ಊಟ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಮ್ಮ ಕಡೆಯ ಹೊಟ್ಟೆಗೆ ಖಾರ ಜಾಸ್ತಿ ಅನ್ನಿಸಬಹುದು. 'ಖಾರ ಕಮ್ಮಿ ಹಾಕ್ರಿ' ಅಂದರೆ ಬೇರೆ ಪಲ್ಯ ತಂದುಕೊಡುತ್ತಾರೆ. ಹಲ್ಲಿನ ತೊಂದರೆ ಇರುವವರು ಕಟಕ್ ರೊಟ್ಟಿ ಬೇಡ, ಮೆತ್ತನೆಯದು ಬೇಕು ಅಂತ ಹೇಳಿ.

ಮೂರನೇ ದಿನ ಪಟ್ಟದಕಲ್ಲು. ಬಾದಾಮಿಯಿಂದ 22 ಕಿಲೋಮೀಟರ್. ಸಾರಿಗೆ ಬಸ್ಸುಗಳಿವೆ. ಶಕ್ತಿ ಯೋಜನೆಯಲ್ಲಿ ನನಗೆ ಪ್ರಯಾಣ ಉಚಿತ, ಆಧಾರ್ ತೋರಿಸಿದರಾಯಿತು. 60 ದಾಟಿದ ಗಂಡಸರಿಗೆ ಬಸ್ಸಿನಲ್ಲಿ ಶೇ. 25 ರಿಯಾಯಿತಿ ಇದೆ. ಹೋಗುವಾಗ ಬಸ್ಸಿನಲ್ಲೇ ಹೋದೆವು, ಬರುವಾಗ ಬಿಸಿಲೇರಿತ್ತು ಅಂತ ಆಟೋ ಮಾಡಿಕೊಂಡೆವು. ಕಾಯುವುದಕ್ಕೂ ಸೇರಿ ಎಷ್ಟು ಅಂತ ಹತ್ತುವ ಮೊದಲೇ ಮಾತಾಡಿ.

ಮೂರರಲ್ಲಿ ಒಂದೇ ಕಡೆ ಹೋಗಲು ಸಾಧ್ಯ ಅನ್ನುವಂಥ ಕಾಲು ನಿಮ್ಮದಾದರೆ ಪಟ್ಟದಕಲ್ಲಿಗೇ ಹೋಗಿ. ಹೆಚ್ಚಿನ ಗುಡಿಗಳು ಸಮತಟ್ಟಾದ ಹುಲ್ಲಿನ ಮೇಲೆ ಒಂದರ ಪಕ್ಕ ಒಂದು ನಿಂತಿವೆ. ನೆರಳಿದೆ. 1987ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ಚಾಲುಕ್ಯ ರಾಣಿ ಲೋಕಮಹಾದೇವಿ. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ಅವಳ ಸವತಿ ತ್ರೈಲೋಕ್ಯಮಹಾದೇವಿಯದು. ಈ ಎರಡೂ ಗುಡಿಗಳ ಒಳಗೆ ಕಂಬಗಳ ಮೇಲೆ ರಾಮಾಯಣ, ಮಹಾಭಾರತ, ಪಂಚತಂತ್ರದ ಕಥೆಗಳಿವೆ. ಒಳಗೆ ಬೆಳಕು ಕಮ್ಮಿ. ಹೋದ ಕೂಡಲೇ ಏನೂ ಕಾಣಿಸುವುದಿಲ್ಲ. ಸುಮ್ನೆ ಕೂತಿರಿ. ಐದು ನಿಮಿಷ ಬಿಟ್ಟು ಕಣ್ಣು ಹೊಂದಿಕೊಂಡಾಗ ಒಂದೊಂದೇ ಕಥೆ ಎದ್ದು ಬರುತ್ತದೆ. ಕಂಬಗಳ ಮೇಲೆ ಗಂಡ ಹೆಂಡತಿ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಿಂತ ಜೋಡಿಗಳು ಎಷ್ಟೊಂದಿವೆ! ಸಾವಿರದ ಇನ್ನೂರು ವರ್ಷದಿಂದ ಹಾಗೇ ನಿಂತಿದ್ದಾರೆ.

ವಿರೂಪಾಕ್ಷ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ಚಪ್ಪಲಿ ಹೊರಗೆ ಬಿಡಬೇಕು. ಡಿಸೆಂಬರಿನಲ್ಲೂ ಹನ್ನೊಂದರ ಹೊತ್ತಿಗೆ ಕಲ್ಲು ಸುಡುತ್ತದೆ. ಹತ್ತಿಯ ದಪ್ಪ ಕಾಲುಚೀಲ ಒಯ್ಯಿರಿ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬಹಳ ಮುಖ್ಯ, ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಬೇಸಿಗೆಯಲ್ಲಿ ಈ ಕಡೆ ಬರಲೇಬೇಡಿ. ನವೆಂಬರಿನಿಂದ ಫೆಬ್ರವರಿ ತನಕ ಸರಿ.

ನಾಲ್ಕನೇ ದಿನ ಐಹೊಳೆಗೆ ಕಾರು ಮಾಡಿಕೊಂಡೆವು. ನೂರಕ್ಕೂ ಹೆಚ್ಚು ಗುಡಿಗಳು ಮನೆಗಳ ನಡುವೆಯೇ ಹರಡಿಕೊಂಡಿವೆ. ಎಲ್ಲ ನೋಡುವ ಆಸೆ ಬೇಡ. ಆನೆಯ ಬೆನ್ನಿನಂತೆ ಹಿಂಬದಿ ಗುಂಡಗಿರುವ ದುರ್ಗ ಗುಡಿ, ಲಾಡಖಾನ್ ಗುಡಿ ಒಂದೇ ಆವರಣದಲ್ಲಿವೆ. ದುರ್ಗ ಗುಡಿಯ ಸುತ್ತಲಿನ ಮೊಗಸಾಲೆಯಲ್ಲಿ ನೆರಳಲ್ಲೇ ಪ್ರದಕ್ಷಿಣೆ ಹಾಕುತ್ತ ಶಿಲ್ಪಗಳನ್ನು ನೋಡಬಹುದು. ಮೇಗುತಿ ಗುಡಿ ಮಾತ್ರ ಗುಡ್ಡದ ಮೇಲೆ. ನಮ್ಮನೆಯವರು ಕೆಳಗೆ ಚಹಾ ಕುಡಿಯುತ್ತ ಕೂತರು, ನಾನೊಬ್ಬಳೇ ಹತ್ತಿದೆ. ಕ್ರಿ.ಶ. 634ರ, ಕವಿ ರವಿಕೀರ್ತಿಯ ಶಾಸನ ಅಲ್ಲಿದೆ. ಇಮ್ಮಡಿ ಪುಲಿಕೇಶಿಯನ್ನು ಹೊಗಳಿ ಬರೆದದ್ದು, ಕಾಳಿದಾಸನ ಹೆಸರೂ ಅದರಲ್ಲಿ ಬರುತ್ತದೆ. ಫೋಟೋ ತೆಗೆದುಕೊಂಡು ಇಳಿದು ಬಂದು ಅವರಿಗೆ ತೋರಿಸಿದೆ. ಇಬ್ಬರೂ ಎಲ್ಲ ಕಡೆ ಒಟ್ಟಿಗೇ ಹೋಗಬೇಕು ಅಂತೇನಿಲ್ಲ. ಅಷ್ಟು ಒಪ್ಪಿಕೊಂಡರೆ ಒಬ್ಬರಿಗೆ ನೋವು ತಪ್ಪುತ್ತದೆ, ಇನ್ನೊಬ್ಬರ ಆಸೆ ತೀರುತ್ತದೆ.

ಕೊನೆಯ ದಿನ ನಮ್ಮ ನಿಯಮವನ್ನು ನಾನೇ ಮುರಿದೆ. ಬೆಳಗ್ಗೆ ಗುಳೇದಗುಡ್ಡಕ್ಕೆ ಹೋಗೋಣ ಅಂದೆ, ಕುಪ್ಪಸದ ಖಣಕ್ಕಾಗಿ. ಮನೆಯಲ್ಲಿ ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದೇನೆ, ಅದರ ಅಂಚಿಗೆ ಖಣವೇ ಬೇಕಿತ್ತು. ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತದೆ. ಕೆಂಪು, ಹಸಿರು, ನೇರಳೆ ಒಂದೊಂದು ತುಂಡು ತಗೊಂಡೆ. ವಾಪಸ್ ಬಂದು ಮಧ್ಯಾಹ್ನ ಬನಶಂಕರಿಗೆ ಹೋಗುವಷ್ಟರಲ್ಲಿ ನಮ್ಮನೆಯವರ ಕಾಲು ಸೋತಿತ್ತು. ದರ್ಶನ ಮಾಡಿ, ಹರಿದ್ರಾತೀರ್ಥದ ಹೊಂಡದ ಪಕ್ಕ ನೆರಳಲ್ಲಿ ಕೂರಿಸಿದೆ. ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ಹೊತ್ತು ತರುವ ಹೆಂಗಸರು ಅಲ್ಲಿಗೇ ಬರುತ್ತಾರೆ. ಕೂತಲ್ಲೇ ಊಟ ಸಿಕ್ಕಿತು. ನೀವು ಗುಳೇದಗುಡ್ಡಕ್ಕೆ ಹೋಗುವುದಾದರೆ ಇನ್ನೊಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಬನದ ಹುಣ್ಣಿಮೆಯ ಸುತ್ತಮುತ್ತ ಜಾತ್ರೆ ಇರುತ್ತದೆ, ಆಗ ರೂಮು ಸಿಗುವುದು ಕಷ್ಟ. ಜಾತ್ರೆಯನ್ನೇ ನೋಡಬೇಕು ಅನ್ನುವವರು ತಿಂಗಳುಗಳ ಮೊದಲೇ ರೂಮು ಹಿಡಿಯಿರಿ.

ಮೈಸೂರಿನಿಂದ ಹೊರಡುವಾಗ ಮನೆಯ ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿದ್ದೆವು. ಮಹಡಿಯ ಗಿಡಗಳಿಗೆ ನೀರಿನ ಬಾಟಲಿಗಳನ್ನು ಮುಚ್ಚಳಕ್ಕೆ ತೂತು ಮಾಡಿ ಬೋರಲು ಚುಚ್ಚಿ ಬಂದಿದ್ದೆವು. ವಾಪಸ್ ಬಂದು ನೋಡಿದರೆ ಟೊಮೆಟೊ ಒಂದು ಬಿಟ್ಟು ಉಳಿದೆಲ್ಲ ಚೆನ್ನಾಗಿದ್ದವು. ಸ್ಟೂಲಿನ ಒಂದು ರಬ್ಬರ್ ಬುಷ್ ಎಲ್ಲೋ ಕಳಚಿ ಬಿದ್ದಿತ್ತು. ನಮ್ಮನೆಯವರು ಮರುದಿನವೇ ಹೊಸದು ತಂದು ಹಾಕಿ, ಸ್ಟೂಲಿನ ಎತ್ತರ ಇನ್ನು ಎರಡು ಇಂಚು ಹೆಚ್ಚಿಸಬೇಕು ಅಂತ ಅಳತೆ ತೆಗೆಯಲು ಕೂತರು. ಈ ಸಲ ಬಿಟ್ಟುಹೋದ, ಬಾದಾಮಿ ಹತ್ತಿರದ ಮಹಾಕೂಟದ ಗುಡಿಗಳಿಗೆ ಮುಂದಿನ ಡಿಸೆಂಬರಿನಲ್ಲಿ ಹೋಗಬೇಕಂತೆ.