ಎರಡು ಕಾರು, ಎರಡು ಹಾಡು: ಒಂದು ಟೀನ್ ಸಿನಿಮಾದ ಮೊದಲ ಸೀನ್

'10 ಥಿಂಗ್ಸ್ ಐ ಹೇಟ್ ಅಬೌಟ್ ಯೂ' ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು ಹೀತ್ ಲೆಡ್ಜರ್ ಸ್ಟೇಡಿಯಂ ಮೆಟ್ಟಿಲ ಮೇಲೆ ಕುಣಿದು ಹಾಡೋ ಸೀನು, ಇಲ್ಲಾ ಕೊನೇಲಿ ಜೂಲಿಯಾ ಸ್ಟೈಲ್ಸ್ ಕ್ಲಾಸಲ್ಲಿ ಅಳ್ತಾ ಓದೋ ಕವಿತೆ. ನನಗೆ ಮಾತ್ರ ಆ ಸಿನಿಮಾದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಟ್ಟಿರೋದು ಮೊದಲ ಸೀನೇ ಅನ್ಸುತ್ತೆ, ಯಾರೂ ಒಂದು ಮಾತೂ ಆಡದೇನೇ ಈ ಹುಡುಗಿ ಯಾರು, ನಾವು ಯಾರ ಕಡೆ ನಿಲ್ಲಬೇಕು ಅನ್ನೋದೆಲ್ಲ ಅಲ್ಲೇ ತೀರ್ಮಾನ ಆಗೋಗಿರುತ್ತೆ.

ಇಲ್ಲಿ ಪುಣೆಯಲ್ಲಿ ನನ್ನ ಗೆಳೆಯರು ಕೆಲವರು ಲಾ ಕಾಲೇಜ್ ರೋಡಿನ ಫಿಲ್ಮ್ ಆರ್ಕೈವ್‌ಗೆ ಹೋಗಿ ಸಿನಿಮಾ ನೋಡೋರು, ಕಾಸರವಳ್ಳಿಯವರು ಓದಿದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇರೋ ಊರಿದು ಅಂತ ಹೆಮ್ಮೆ ಪಡೋರು, ಅವರಿಗೆ ಟೀನ್ ರೊಮ್ಯಾಂಟಿಕ್ ಕಾಮಿಡಿ ಅಂದ್ರೆ ಮೂಗು ಮುರಿಯೋದೇ. ಅವರೆಲ್ಲ ಈ ಸೀನನ್ನ ಒಮ್ಮೆ ಕೂತು ನೋಡ್ಬೇಕು ಅನ್ನೋದು ನನ್ನ ಆಸೆ.

1999ರ ಸಿನಿಮಾ. ನಿರ್ದೇಶಕ ಗಿಲ್ ಜುಂಗರ್, ಟೀವಿ ಕಾಮಿಡಿಯಲ್ಲಿ ಪಳಗಿ ಬಂದವರು, ಸಿನಿಮಾ ಅಂತ ಮಾಡಿದ್ದು ಇದೇ ಮೊದಲು. ಕತೆ ಶೇಕ್ಸ್‌ಪಿಯರನ 'ದಿ ಟೇಮಿಂಗ್ ಆಫ್ ದ ಶ್ರೂ'. ಈ ಕತೆ ನಮಗೇನು ಹೊಸದಲ್ಲ, ಪರ್ವತವಾಣಿಯವರು ಇದನ್ನೇ 'ಬಹದ್ದೂರ್ ಗಂಡ' ಅಂತ ಕನ್ನಡ ನಾಟಕ ಮಾಡಿದ್ರು, ಅದರಿಂದಲೇ 1989ರಲ್ಲಿ 'ನಂಜುಂಡಿ ಕಲ್ಯಾಣ' ಬಂದು ಮಾಲಾಶ್ರೀ ಮನೆಮಾತಾದ್ರು. ಹಂಗಾಗಿ ಗಯ್ಯಾಳಿ ಹುಡುಗಿ, ಅವಳನ್ನ ದಾರಿಗೆ ತರೋಕೆ ಬರೋ ಹುಡುಗ ಅನ್ನೋ ಲೆಕ್ಕ ನಮ್ಮ ತಲೇಲಿ ಮೊದಲೇ ಕೂತಿದೆ.

ಈಗ ಸೀನಿಗೆ ಬರೋಣ. ಸಿಯಾಟಲ್ ಊರು ಕಾಣುತ್ತೆ, ಬಣ್ಣದಲ್ಲಿ ಗೀಚಿದ ಹಾಗೆ ಟೈಟಲ್ ಬರುತ್ತೆ, ಹಿಂದೆ 'ಒನ್ ವೀಕ್' ಹಾಡು. ಇದು ಬ್ಯಾಕ್‌ಗ್ರೌಂಡಲ್ಲಿ ಹಾಕಿರೋ ಹಾಡು ಅಂತಾನೇ ಅಂದ್ಕೊಂಡಿರ್ತೀವಿ, ಆಮೇಲೆ ನೋಡಿದ್ರೆ ಒಂದು ಕಾರು ತುಂಬ ಹುಡುಗೀರು ಅದೇ ಹಾಡಿಗೆ ತಲೆ ಕುಣಿಸ್ತಾ ಇದ್ದಾರೆ, ಅಂದ್ರೆ ಹಾಡು ಬರ್ತಿರೋದು ಅವರ ಸ್ಟೀರಿಯೋದಿಂದ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಹಳೇ ಡಾಡ್ಜ್ ಡಾರ್ಟ್ ಬಂದು ನಿಲ್ಲುತ್ತೆ, ಅದರೊಳಗೆ ಕ್ಯಾಟ್, ಅಂದ್ರೆ ನಮ್ಮ ಹೀರೋಯಿನ್ ಜೂಲಿಯಾ ಸ್ಟೈಲ್ಸ್, ಅವಳ ಕಾರಿಂದ ರಾಕ್ ಗಾಯಕಿ ಜೋನ್ ಜೆಟ್‌ನ 'ಬ್ಯಾಡ್ ರೆಪ್ಯುಟೇಶನ್' ಜೋರಾಗಿ ಬಂದು ಈ ಹುಡುಗೀರ ಹಾಡನ್ನ ಪೂರ್ತಿ ಮುಳುಗಿಸಿಬಿಡುತ್ತೆ. ಅವರು ಇವಳ ಕಡೆ ನೋಡ್ತಾರೆ. ಅಷ್ಟೇ ನಡಿಯೋದು.

ಗಣಪತಿ ವಿಸರ್ಜನೆ ದಿನ ಲಕ್ಷ್ಮೀ ರೋಡಲ್ಲಿ ನಿಂತೋರಿಗೆ ಇದು ಚೆನ್ನಾಗಿ ಗೊತ್ತಿರುತ್ತೆ, ಒಂದು ಢೋಲ್-ತಾಶಾ ತಂಡದ ಬಡಿತ ಕೇಳ್ತಾ ಇರ್ತೀವಿ, ಹಿಂದಿಂದ ಇನ್ನೊಂದು ಬರುತ್ತೆ, ಯಾವಾಗ ಮೊದಲಿನದು ಕೇಳೋದು ನಿಂತ್ಹೋಯ್ತು ಅಂತಾನೇ ಗೊತ್ತಾಗಲ್ಲ, ಅಷ್ಟೊತ್ತಿಗೆ ನಮ್ಮ ಮೈ ಹೊಸ ತಾಳಕ್ಕೆ ಹೊಂದ್ಕೊಂಡಿರುತ್ತೆ.

ಸೌಂಡ್ ಮಿಕ್ಸ್ ಮಾಡಿದವರು ಇಲ್ಲಿ ಮಾಡಿದ್ದೂ ಅದನ್ನೇ. ಕ್ಯಾಟ್ ಒಬ್ಬಳೇ ಇದ್ದಾಳೆ, ಆ ಕಡೆ ಒಂದು ಗುಂಪು, ಆದ್ರೆ ಜೋರಿರೋದು ಇವಳ ಹಾಡಿಗೆ. ಕಾರು ಹೊರಟ ಮೇಲೂ ಆ ಹಾಡು ನಿಲ್ಲಲ್ಲ, ಸ್ಟೀರಿಯೋದಿಂದ ಬರ್ತಿದ್ದದ್ದು ಹಾಗೇ ಜಾರಿ ಸಿನಿಮಾದ್ದೇ ಹಾಡಾಗಿಬಿಡುತ್ತೆ. ಕಥಾಪಾತ್ರಗಳಿಗೂ ಕೇಳೋ ಶಬ್ದಕ್ಕೆ ಡೈಜೆಟಿಕ್ ಅಂತಾರೆ, ನಮಗೆ ಮಾತ್ರ ಕೇಳೋದಕ್ಕೆ ನಾನ್-ಡೈಜೆಟಿಕ್. ಹುಡುಗೀರ ಹಾಡು ಸಿನಿಮಾದಿಂದ ಇಳಿದು ಬರೀ ಸ್ಟೀರಿಯೋದ್ದಾಯ್ತು, ಇವಳ ಹಾಡು ಸ್ಟೀರಿಯೋದಿಂದ ಏರಿ ಇಡೀ ಸಿನಿಮಾದ್ದಾಯ್ತು. ಇದಕ್ಕಿಂತ ಚೆನ್ನಾಗಿ ಹೀರೋಯಿನ್ ಎಂಟ್ರಿ ಕೊಡೋದು ಕಷ್ಟ.

ಅಕ್ಕನ ಮಗಳಿಗೆ ಕಾಲೇಜಲ್ಲಿ ಯಾವುದಾದ್ರೂ ಸೀನಿನ ಬಗ್ಗೆ ಬರಿಯೋಕೆ ಹೇಳಿದ್ರು, ಕೋಥ್ರೂಡಿನ ಮನೇಲಿ ಕೂತು ಇದನ್ನೇ ಹಾಕ್ದೆ, ಮೊದಲು ಮ್ಯೂಟ್ ಮಾಡಿ. "ಮಾಮಾ, ಇದ್ರಾಗ ಏನೂ ಆಗಂಗಿಲ್ಲಲ್ಲ, ಬರೇ ಎರಡು ಕಾರ್ ನಿಂತಾವ" ಅಂದ್ಲು. "ಹಂಗಾದ್ರ ಈಗ ಕಣ್ಣು ಮುಚ್ಚಿ ಬರೇ ಕೇಳು" ಅಂದೆ. ಕೇಳಿದ್ಲು. ಎರಡನೇ ಹಾಡು ಬಂದ ಕೂಡ್ಲೇ ಅವಳ ಕಾಲು ನೆಲ ಬಡಿಯೋಕೆ ಶುರು. ಆಮೇಲೆ ಸುಮ್ನೆ ರಿವೈಂಡ್ ಮಾಡಿ ಮಾಡಿ ನೋಡ್ತಾ ಕೂತ್ಲು, ನಾನೇನೂ ಹೇಳೋದೇ ಬೇಕಾಗಲಿಲ್ಲ.

ಇನ್ನೊಂದು ಸಣ್ಣ ವಿಷಯ, ಇದು ನನಗೆ ಬಹಳ ಇಷ್ಟ. 'ಒನ್ ವೀಕ್' 1998ರ ಹಾಡು, ಅಂದ್ರೆ ಆಗಿನ್ನೂ ಬಿಸಿಬಿಸಿ ಹಿಟ್ ಹಾಡು. 'ಬ್ಯಾಡ್ ರೆಪ್ಯುಟೇಶನ್' 80ರ ದಶಕದ ಶುರುವಿನದು, ಹೆಚ್ಚುಕಮ್ಮಿ ಕ್ಯಾಟ್‌ನಷ್ಟೇ ವಯಸ್ಸಿನ ಹಾಡು, ಕಾರಂತೂ ಅವಳಿಗಿಂತ ಹಳೇದು. ಎಲ್ಲರೂ ಕೇಳೋದು ಇವಳಿಗೆ ಬೇಡ, ಎಲ್ಲರೂ ಓಡಿಸೋದೂ ಬೇಡ. ಇದನ್ನ ಡೈಲಾಗಲ್ಲಿ ಹೇಳಿಸಿದ್ರೆ ಎಷ್ಟು ಸಪ್ಪೆ ಆಗ್ತಿತ್ತು!

ಶೇಕ್ಸ್‌ಪಿಯರನ ಮೂಲ ನಾಟಕದಲ್ಲಿ ಕ್ಯಾಥರೀನ, ಅಂದ್ರೆ ಅಲ್ಲಿನ ಕ್ಯಾಟ್, ಬಾಯಿ ತೆಗಿಯೋಕೂ ಮುಂಚೆ ಗ್ರೆಮಿಯೋ ಅನ್ನೋ ಮುದುಕ, ಇವಳು ತೀರಾ ಒರಟು, ನನಗೆ ಬೇಡ ಅಂದುಬಿಡ್ತಾನೆ. ಅಂದ್ರೆ ಅವಳ ಬಗ್ಗೆ ಮೊದಲು ನಮಗೆ ಸಿಗೋದು ಗಂಡಸರ ಅಭಿಪ್ರಾಯ. ಸಿನಿಮಾ ಈ ಕ್ರಮಾನ ತಿರುಗಿಸಿದೆ, ಇಲ್ಲಿ ಮೊದಲು ಕೇಳೋದು ಅವಳ ಸದ್ದು, ಅವಳು ಹೆಂಗೆ ಅಂತ ಬೇರೆಯವರು ಹೇಳೋದು ಆಮೇಲೆ. ಕರೆನ್ ಮೆಕಲಾ ಮತ್ತು ಕರ್ಸ್ಟನ್ ಸ್ಮಿತ್ ಅಂತ ಇಬ್ಬರು ಹೆಂಗಸರು ಸೇರಿ ಬರೆದ ಸ್ಕ್ರಿಪ್ಟು ಇದು, ಆ ವ್ಯತ್ಯಾಸ ಸಿನಿಮಾ ಉದ್ದಕ್ಕೂ ಕಾಣುತ್ತೆ. ಶೇಕ್ಸ್‌ಪಿಯರನನ್ನೂ ಪೂರ್ತಿ ಬಿಟ್ಟಿಲ್ಲ, ಶಾಲೆ ಹೆಸರು ಪಡುವಾ, ಅದು ನಾಟಕ ನಡೆಯೋ ಊರು, ಕ್ಯಾಟ್ ಮನೆತನದ ಹೆಸರು ಸ್ಟ್ರಾಟ್‌ಫರ್ಡ್, ಅದು ಶೇಕ್ಸ್‌ಪಿಯರ್ ಹುಟ್ಟಿದ ಊರು. ಶಾಲೆಯಾಗಿ ತೋರಿಸಿರೋ ಕೋಟೆಯಂಥ ಕಟ್ಟಡ ಸಿಯಾಟಲ್ ಹತ್ತಿರದ ಟಕೋಮಾ ಊರಿನ ಸ್ಟೇಡಿಯಂ ಹೈಸ್ಕೂಲು, ಹೋಟೆಲಿಗೆ ಅಂತ ಕಟ್ಟೋಕೆ ಶುರು ಮಾಡಿದ್ದು 1906ರಲ್ಲಿ ಶಾಲೆ ಆಯ್ತು.

ಒಂದೇ ಒಂದು ಕಡೆ ನನ್ನ ತಕರಾರಿದೆ. ಕ್ಯಾಟ್ ಶಾಲೆಗೆ ಬಂದವಳೇ ಪ್ರಾಮ್, ಅಂದ್ರೆ ಹೈಸ್ಕೂಲಿನ ದೊಡ್ಡ ಡ್ಯಾನ್ಸ್ ಪಾರ್ಟಿ, ಅದರ ಪೋಸ್ಟರ್ ಕಿತ್ತು ಹಾಕ್ತಾಳೆ, ಹಾಡು ಆಗ್ಲೇ ಹೇಳಿದ್ದನ್ನ ಕೈಯಿಂದ ಮತ್ತೆ ಹೇಳಿದ ಹಾಗಾಯ್ತು ಅದು. ಅಕ್ಕನ ಮಗಳು ಒಪ್ಪಲಿಲ್ಲ, ಮುಂದೆ ಕತೆಯೆಲ್ಲ ಪ್ರಾಮ್ ಸುತ್ತಾನೇ ತಿರುಗುತ್ತೆ, ಆ ಮಾತು ಎಲ್ಲಾದ್ರೂ ಒಂದ್ಕಡೆ ಬರ್ಲೇಬೇಕಲ್ಲ ಅಂತ ಅವಳ ವಾದ. ಅದೂ ಸರಿ, ಆದ್ರೂ ಎಡಿಟಿಂಗ್ ಟೇಬಲ್ ಮುಂದೆ ನಾನು ಕೂತಿದ್ರೆ ಪೋಸ್ಟರನ್ನ ಗೋಡೆ ಮೇಲೆ ತೋರಿಸಿ, ಅವಳನ್ನ ಅದರ ಕಡೆ ತಿರುಗಿಯೂ ನೋಡದೆ ಮುಂದೆ ನಡೆಸ್ತಿದ್ದೆ.